ಹೇರೆತ್ತುಗಳ ಸೀಮೆಯಲ್ಲಿ ದ್ವಿಚಕ್ರ ಸಂಚಾರ

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ಹೆದ್ದಾರಿಯು ಸವಳಂಗದಲ್ಲಿ ಒಂದು ಕವಲನ್ನು ನ್ಯಾಮತಿಯ ಕಡೆಗೆ ಕಳುಹಿಸುವ ಸೀಮೆಯಲ್ಲಿ, ಮಲೆನಾಡಿನ ಕಡೆಯ ಗುಡ್ಡಗಳು ತಗ್ಗುತ್ತ ತಗ್ಗುತ್ತ ಬಂದು ತುಂಗಭದ್ರೆಯ ಬಯಲಿನಲ್ಲಿ ಲೀನವಾಗುವ ಸಂಧಿಸ್ಥಾನದಲ್ಲಿ, ಹಿಂದೆ ಹೊನ್ನಾಳಿ ತಾಲ್ಲೂಕಿಗೂ ಈಗ ನ್ಯಾಮತಿ ತಾಲ್ಲೂಕಿಗೂ ಸೇರಿರುವ ಸೂರಗೊಂಡನಕೊಪ್ಪವೆಂಬ ಗ್ರಾಮವಿದೆ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಜನ್ಮವೆತ್ತಿದ ಪುಣ್ಯಭೂಮಿಯೆಂದು ಬಂಜಾರ ಸಮುದಾಯವು ಇದನ್ನು ಭಾಯಗಡವೆಂದು ಕರೆದು ಪರಮಶ್ರದ್ಧೆಯಿಂದ ಕಾಣುತ್ತದೆ. ಪ್ರತಿವರ್ಷವೂ ಆ ದಿನಕ್ಕೆ ಮುಂಚಿತವಾಗಿ, ಮಾಲೆ ಧರಿಸಿದ ಭಕ್ತರು ದೂರದೂರದ ತಾಂಡಾಗಳಿಂದ, ಅನೇಕರು ಬರಿಯ ಕಾಲ್ನಡಿಗೆಯಲ್ಲಿಯೇ, ಇಲ್ಲಿಗೆ ಬಂದು ಸೇರುತ್ತಾರೆ.

ಈ ಜನಾಂಗಕ್ಕೆ ನಡೆಯುವುದು ಹೊಸದಲ್ಲ. ರೈಲೂ ಲಾರಿಯೂ ಇಲ್ಲದ ಕಾಲದಲ್ಲಿ ಕರಾವಳಿಯ ಉಪ್ಪನ್ನು ಒಳನಾಡಿಗೂ ಒಳನಾಡಿನ ಧಾನ್ಯವನ್ನು ಬರಪೀಡಿತ ಪ್ರಾಂತಗಳಿಗೂ ಹೊತ್ತು ಸಾಗಿಸಿದವರು ಅವರು. ಆ ವ್ಯಾಪಾರಯಾತ್ರೆಗೆ ಅವರು ಲದೇಣಿ ಎನ್ನುವರು. ಹದಿನೇಳನೆಯ ಶತಮಾನದಲ್ಲಿ ಭಾರತವನ್ನು ಸಂಚರಿಸಿದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೇ, 1676ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಹತ್ತು ಹನ್ನೆರಡು ಸಾವಿರ ಹೇರೆತ್ತುಗಳು ಒಂದೇ ಸಾಲಾಗಿ ಸಾಗುತ್ತಿದ್ದುದನ್ನೂ, ಇಕ್ಕಟ್ಟಾದ ದಾರಿಯಲ್ಲಿ ಅವು ಎದುರಾದರೆ ಎಲ್ಲವೂ ದಾಟಿಹೋಗುವ ತನಕ ಪ್ರಯಾಣಿಕರು ಎರಡು ಮೂರು ದಿನ ಕಾದು ನಿಲ್ಲಬೇಕಾಗುತ್ತಿದ್ದುದನ್ನೂ ವಿಸ್ಮಯದಿಂದ ಬರೆದಿದ್ದಾನೆ. 1800ರಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯು, ಚನ್ನಗಿರಿಯಲ್ಲಿ ಹುಟ್ಟಿದ ಬಂಡಾಯಗಾರ ಧೋಂಡಿಯಾ ವಾಘನನ್ನು ಬೆನ್ನಟ್ಟಿ ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ನಡೆದಾಗ, ಅವನ ಸೈನ್ಯದ ಧಾನ್ಯವನ್ನು ಹೊತ್ತದ್ದೂ ಇವರ ಎತ್ತುಗಳೇ. ಅನಂತರ ಬಂದ ರೈಲು ಈ ವೃತ್ತಿಯನ್ನು ನುಂಗಿತು. ಚಲಿಸುತ್ತಿದ್ದ ತಾಂಡಾಗಳು ನೆಲೆಯೂರಿದವು.

ಎತ್ತಿನ ಹೆಜ್ಜೆಗೆ ತಕ್ಕಂತೆ ನೀರು, ನೆರಳು, ಮೇವುಗಳನ್ನು ನೋಡಿಕೊಂಡು ಸಾಗುವ ಪ್ರಯಾಣವು ನೆಲದ ಏರಿಳಿತವನ್ನು ಅರಿತಷ್ಟು ಮೋಟಾರಿನ ಪ್ರಯಾಣವು ಅರಿಯಲಾರದು. ಆ ಅರಿವನ್ನು ಇಂದಿಗೂ ದೊರಕಿಸಿಕೊಡಬಲ್ಲ ವಾಹನವೊಂದಿದ್ದರೆ ಅದು ಸೈಕಲ್ಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಂಟೆಗೆ ಹನ್ನೆರಡೋ ಹದಿನೈದೋ ಕಿಲೋಮೀಟರಿನಂತೆ ತುಳಿಯುವವನಿಗೆ ದಿನವೊಂದಕ್ಕೆ ಅರವತ್ತು ಕಿಲೋಮೀಟರು ಪ್ರಯಾಸವಿಲ್ಲದೆ ಸಾಗುತ್ತದೆ. ಹೊಲದಲ್ಲಿ ಕಳೆ ಕೀಳುವವರ ಮಾತು ಅವನ ಕಿವಿಗೆ ಬೀಳುತ್ತದೆ. ಯಾರಾದರೂ ಕೈಯೆತ್ತಿ ಕರೆದರೆ ನಿಲ್ಲಲು ಅವನಿಗೆ ಸಾಧ್ಯವಾಗುತ್ತದೆ.

ಈ ಸಂಗತಿಯನ್ನು ಮನಗಂಡು ಅದನ್ನೊಂದು ಜೀವನಕ್ರಮದ ಮಟ್ಟಕ್ಕೆ ಏರಿಸಿದವರು ಫ್ರೆಂಚರು. ಸೇಂತ್ ಎತಿಯೆನ್ ನಗರದ ಪಾಲ್ ದ ವಿವಿ (1853–1930) ಎಂಬಾತ, ವೆಲೋಸಿಯೊ ಎಂಬ ಕಾವ್ಯನಾಮದಿಂದ, 1887ರಲ್ಲಿ ಒಂದು ಪತ್ರಿಕೆಯನ್ನೇ ಸ್ಥಾಪಿಸಿ, ಪಂದ್ಯಕ್ಕಾಗಿ ಅಲ್ಲದೆ ಪ್ರಕೃತಿದರ್ಶನಕ್ಕಾಗಿ ಸೈಕಲ್ ತುಳಿಯಬೇಕೆಂದು ಆಯುಷ್ಯದುದ್ದಕ್ಕೂ ಪ್ರತಿಪಾದಿಸಿದ. ಗುಡ್ಡಗಾಡಿನಲ್ಲಿ ಏರುವುದಕ್ಕೆ ಗೇರುಗಳನ್ನು ಬದಲಿಸುವ ಏರ್ಪಾಡು ಅವಶ್ಯವೆಂದು, ಅದನ್ನು ಹೇಡಿತನವೆಂದು ಹಳಿದವರ ನಡುವೆ ನಿಂತು, ವಾದಿಸಿದವನೂ ಅವನೇ. ಶಾಕಾಹಾರಿಯಾಗಿದ್ದ ಈ ಸತ್ಪುರುಷನು ಸಂಚಾರಿಗಳಿಗೆ ವಿಧಿಸಿದ ನಿಯಮಗಳು ನಮ್ಮ ಹಿರಿಯರ ಬಾಯಿಂದ ಬಂದಂತಿವೆ: ಹಸಿವಾಗುವ ಮೊದಲೇ ಉಣ್ಣತಕ್ಕದ್ದು, ಬಾಯಾರುವ ಮೊದಲೇ ಕುಡಿಯತಕ್ಕದ್ದು, ಊಟವು ರುಚಿಸದಷ್ಟು ಆಯಾಸಪಡಬಾರದು, ಎಂದಿಗೂ ಪ್ರತಿಷ್ಠೆಗಾಗಿ ತುಳಿಯಬಾರದು.

ವೆಲೋಸಿಯೊ ಬಿತ್ತಿದ್ದು ಸಾಮಾನ್ಯಜನರಲ್ಲಿ ಫಲಿಸಿದ್ದು 1936ರ ತರುವಾಯ. ಆ ವರ್ಷ ಫ್ರಾನ್ಸಿನ ಜನರಂಗ (ಪಾಪ್ಯುಲರ್ ಫ್ರಂಟ್) ಸರ್ಕಾರವು ಕಾರ್ಮಿಕರೆಲ್ಲರಿಗೂ ವರ್ಷಕ್ಕೆ ಎರಡು ವಾರಗಳ ವೇತನಸಹಿತ ರಜೆಯನ್ನು ಶಾಸನಬದ್ಧಗೊಳಿಸಿತು. ಕಾರ್ಖಾನೆಯ ಗೋಡೆಗಳಾಚೆಗೆ ತಮ್ಮ ದೇಶವನ್ನು ಎಂದೂ ಕಾಣದಿದ್ದ ದಂಪತಿಗಳು, ಗಂಟುಮೂಟೆಗಳನ್ನು ಕ್ಯಾರಿಯರಿಗೆ ಬಿಗಿದು, ಹಳ್ಳಿಯ ದಾರಿಗಳನ್ನು ಹಿಡಿದರು. ಇಂದು ಆ ದೇಶದಲ್ಲಿ ಲ್ವಾರ್ ನದಿಯ ಗುಂಟ ಸುಮಾರು 900 ಕಿಲೋಮೀಟರು ಉದ್ದದ ಸೈಕಲ್ ದಾರಿಯಿದೆ. ರೈಲು ನಿಂತುಹೋದ ಹಳಿಗಳ ಜಾಗವನ್ನು ಹಸಿರುದಾರಿಗಳನ್ನಾಗಿ ಮಾಡಿದ್ದಾರೆ. ಬರ್ಗಂಡಿ ಪ್ರಾಂತದಲ್ಲಿ ಜಿವ್ರಿಯಿಂದ ಕ್ಲೂನಿಯವರೆಗಿನದು 1997ರಲ್ಲೇ ತೆರೆಯಿತು. ಆದರೆ ಇವೆಲ್ಲಕ್ಕಿಂತ ನಮಗೆ ಹೆಚ್ಚು ಪ್ರಸ್ತುತವಾದದ್ದು ದಕ್ಷಿಣದ ಮಿದಿ ಕಾಲುವೆ. ರಿಕೆ ಎಂಬ ತೆರಿಗೆಯ ಅಧಿಕಾರಿಯ ಛಲದಿಂದ 1666ರಲ್ಲಿ ಆರಂಭವಾಗಿ 1681ರಲ್ಲಿ ಮುಗಿದ, ಸುಮಾರು 240 ಕಿಲೋಮೀಟರು ಉದ್ದದ ಆ ಕಾಲುವೆಯ ಏರಿಯ ಮೇಲೆ ಒಂದಾನೊಂದು ಕಾಲಕ್ಕೆ ಕುದುರೆಗಳು ದೋಣಿಗಳನ್ನು ಎಳೆದುಕೊಂಡು ನಡೆಯುತ್ತಿದ್ದವು. ಅದೇ ಏರಿಯ ಮೇಲೆ, ಸಾಲುಮರಗಳ ನೆರಳಿನಲ್ಲಿ, ಈಗ ಸಂಚಾರಿಗಳು ಸೈಕಲ್ ತುಳಿಯುತ್ತಾರೆ. ಭಾರಹೊತ್ತ ಪ್ರಾಣಿಗಳ ದಾರಿಯನ್ನು ಆ ದೇಶವು ಮರೆಯಲಿಲ್ಲ, ಹಾಳುಗೆಡವಲೂ ಇಲ್ಲ.

ಏರಿಗಳು ನಮ್ಮಲ್ಲಿಯೂ ಇವೆ. ತುಂಗಭದ್ರೆಯ ಎಡಕ್ಕೆ ತುಂಗಾ ಮೇಲ್ದಂಡೆ ಕಾಲುವೆ ಹೊನ್ನಾಳಿ ಸೀಮೆಯನ್ನು ಹಾಯ್ದು ಹಾವೇರಿ ಜಿಲ್ಲೆಯತ್ತ ಸಾಗುತ್ತದೆ. ಬಲಕ್ಕೆ, ಲಕ್ಕವಳ್ಳಿಯ ಅಣೆಕಟ್ಟಿನಿಂದ ಹೊರಟ ಭದ್ರಾ ನಾಲೆಯ ಶಾಖೆಗಳು ಗದ್ದೆಬಯಲುಗಳಲ್ಲಿ ಹರಡಿಕೊಂಡಿವೆ. ಚಾನಲ್ ಏರಿಯೆಂದು ರೈತರು ಕರೆಯುವ ಈ ದಾರಿಗಳಲ್ಲಿ ಟ್ರ್ಯಾಕ್ಟರು, ಎಮ್ಮೆ, ಶಾಲೆಯ ಮಕ್ಕಳು ಇವಿಷ್ಟೇ ಸಂಚಾರ. ಏರಿಯು ನೀರಿನ ಮಟ್ಟವನ್ನು ಅನುಸರಿಸುವುದರಿಂದ ಕಡಿದಾದ ಏರಿಳಿತವಿಲ್ಲ.

ಈ ಸೀಮೆಯಲ್ಲಿ ನಾನು ಸೂಚಿಸುವ ದಾರಿ ಹೀಗಿದೆ. ಸವಳಂಗದಲ್ಲಿ ಹೆದ್ದಾರಿಯನ್ನು ತ್ಯಜಿಸಿ ಸೂರಗೊಂಡನಕೊಪ್ಪಕ್ಕೆ ಹೋಗಿ, ಸೇವಾಲಾಲರ ಮತ್ತು ಮರಿಯಮ್ಮನ ಗುಡಿಗಳಿಗೆ ನಮಸ್ಕರಿಸಿ, ಅಲ್ಲಿಂದ ಮೆಕ್ಕೆಜೋಳದ ಹೊಲಗಳ ನಡುವೆ ನ್ಯಾಮತಿಗೆ ಬರುವುದು ಮೊದಲ ಹಂತ. ಸಮಯವಿದ್ದವರು ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರದ ಗುಡ್ಡವನ್ನು ನೋಡದೆ ಮುಂದೆ ಹೋಗಬಾರದು. ಕುರುಚಲು ಕಾಡಿನ ನಡುವೆ ಸದಾ ಜಿನುಗುವ ಆ ತೀರ್ಥದ ನೀರು ಏರನ್ನು ತುಳಿದುಬಂದವನಿಗೆ ಸಾಕ್ಷಾತ್ ಅನುಗ್ರಹವೇ. ಮುಂದೆ ಸಿಗುವ ಹೊನ್ನಾಳಿಯಲ್ಲಿ ರಾಘವೇಂದ್ರಸ್ವಾಮಿಗಳ ಮಠವೂ ಹಿರೇಕಲ್ಮಠವೂ ಇವೆ. ಅಲ್ಲಿ ತುಂಗಭದ್ರೆಯ ಸೇತುವೆಯನ್ನು ದಾಟಿದೊಡನೆ ಹೊಲದ ಬಣ್ಣವೇ ಬದಲಾಗುತ್ತದೆ: ಭತ್ತದ ಗದ್ದೆ, ತೆಂಗು, ಚನ್ನಗಿರಿಯತ್ತ ಸರಿದಂತೆಲ್ಲ ದಟ್ಟವಾಗುವ ಅಡಿಕೆಯ ತೋಟ. ಬಸವಾಪಟ್ಟಣದ ಮೂಲಕ ಸಾಗಿದರೆ ಸೂಳೆಕೆರೆ ಸಿಗುತ್ತದೆ. ಶಾಂತಿಸಾಗರವೆಂದೂ ಹೆಸರಾದ, 2,651 ಹೆಕ್ಟೇರು ವಿಸ್ತಾರವುಳ್ಳ ಈ ಜಲರಾಶಿಯನ್ನು ಎರಡು ಗುಡ್ಡಗಳ ನಡುವಣ ಒಂದು ಕಿರಿದಾದ ಏರಿಯು ಶತಮಾನಗಳಿಂದ ತಡೆದು ನಿಲ್ಲಿಸಿದೆಯೆಂಬುದನ್ನು, ಅದರ ಮೇಲೆ ನಿಂತು ಕಂಡವರೂ ಸುಲಭವಾಗಿ ನಂಬಲಾರರು. ಇಲ್ಲಿಂದ ಹರಿಯುವ ಹರಿದ್ರೆಯು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಇನ್ನೊಂದು ದಿನವಿದ್ದರೆ ಸಂತೇಬೆನ್ನೂರಿಗೆ ಹೋಗಿ, ಕೆಂಗ ಹನುಮಂತಪ್ಪ ನಾಯಕನು ಕಟ್ಟಿಸಿದ ಪುಷ್ಕರಣಿಯ ಮೆಟ್ಟಿಲುಗಳಲ್ಲಿ ಕುಳಿತು, ನೀರಿನ ನಡುವಣ ವಸಂತಮಂಟಪವನ್ನು ನೋಡಬಹುದು. ಒಣಸೀಮೆಯ ಸೌಂದರ್ಯವನ್ನು ಬಲ್ಲವರು ಜಗಳೂರಿನತ್ತಲೂ ಮುಂದುವರಿಯಲಿ. ಅಲ್ಲಿಯ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಳ ವನ್ಯಧಾಮವಿದೆ.

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಪ್ರಶಸ್ತ. ಒಕ್ಕಣೆಯ ದಿನಗಳಲ್ಲಿ ರೈತರು ದಾರಿಯ ಮೇಲೆಯೇ ರಾಗಿ, ಹುರುಳಿ, ಮೆಕ್ಕೆಜೋಳಗಳನ್ನು ಹರಡುವುದುಂಟು. ಹುರುಳಿಯ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಇಳಿದು ಬಿಡಿಸದೆ ಗತ್ಯಂತರವಿಲ್ಲ, ಮೆಕ್ಕೆಜೋಳದ ಕಾಳಿನ ಮೇಲೆ ಚಕ್ರ ಜಾರುತ್ತದೆ. ಅಂಥ ಕಡೆ ಇಳಿದು, ಕಾಳನ್ನು ತುಳಿಯದೆ ಬದಿಯಿಂದ ತಳ್ಳಿಕೊಂಡು ಹೋಗುವುದು ಕ್ಷೇಮ ಮಾತ್ರವಲ್ಲ, ಧರ್ಮವೂ ಹೌದು. ಜಾಲಿಮುಳ್ಳಿನ ಕಾಟವಿರುವುದರಿಂದ ಪಂಚರ್ ಹಾಕುವ ಸಾಮಾನೂ ಪಂಪೂ ಜೊತೆಯಲ್ಲಿರತಕ್ಕದ್ದು. ತಡೆಗೋಡೆಯಿಲ್ಲದ ಚಾನಲ್ ಏರಿಯ ಮೇಲೆ ಕತ್ತಲಾದ ಮೇಲೆ ತುಳಿಯಲೇ ಕೂಡದು. ದೂರದವರು ತಮ್ಮ ಸೈಕಲ್ಲನ್ನು ರೈಲಿನ ಲಗೇಜು ವ್ಯಾನಿನಲ್ಲಿ ಶಿವಮೊಗ್ಗದವರೆಗೆ ತರಬಹುದು.

ಇಷ್ಟೆಲ್ಲ ಇದ್ದರೂ ಇದೊಂದು ಸಂಚಾರಮಾರ್ಗವೆಂದು ಯಾರೂ ಗುರುತಿಸಿಲ್ಲ. ಫ್ರಾನ್ಸಿನಲ್ಲಿ ಸೈಕಲ್ ದಾರಿಯಿಂದ ಐದು ಕಿಲೋಮೀಟರಿನೊಳಗೆ ಇದ್ದು, ಸೈಕಲ್ಲನ್ನು ಭದ್ರವಾಗಿಡಲು ಜಾಗವನ್ನೂ ರಿಪೇರಿಯ ಸಲಕರಣೆಯನ್ನೂ ಒದಗಿಸುವ ವಸತಿಗೃಹಗಳಿಗೆ ಒಂದು ವಿಶೇಷ ಚಿಹ್ನೆಯನ್ನು ಕೊಡುತ್ತಾರೆ. ಆ ಚಿಹ್ನೆಯನ್ನು ಕಂಡ ಅಪರಿಚಿತನು ನಿಶ್ಚಿಂತೆಯಿಂದ ಬಾಗಿಲು ತಟ್ಟುತ್ತಾನೆ. ನಮ್ಮಲ್ಲಿ ಬೇಕಾದದ್ದು ಅಷ್ಟೂ ಅಲ್ಲ. ರಾಜ್ಯ ಸರ್ಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಿಂದ ಎಂಟನೆಯ ತರಗತಿಯ ಲಕ್ಷಾಂತರ ಮಕ್ಕಳಿಗೆ ಸೈಕಲ್ ದೊರೆತು, ಹಳ್ಳಿಯ ಹೆಣ್ಣುಮಕ್ಕಳು ಇದೇ ದಾರಿಗಳಲ್ಲಿ ಹೈಸ್ಕೂಲಿಗೆ ಹೋಗಿಬಂದರು. ದಾರಿಯನ್ನು ಸುರಕ್ಷಿತಗೊಳಿಸಿದರೆ ಅದರ ಪ್ರಥಮ ಫಲವು ಪ್ರವಾಸಿಗನಿಗಲ್ಲ, ಅಂಥ ಮಕ್ಕಳಿಗೇ ಸಲ್ಲುತ್ತದೆ. ಕವಲುಗಳಲ್ಲಿ ಊರಿನ ಹೆಸರೂ ದೂರವೂ ಇರುವ ಕಲ್ಲು, ಹತ್ತು ಕಿಲೋಮೀಟರಿಗೊಂದು ಕುಡಿಯುವ ನೀರಿನ ತೊಟ್ಟಿ, ಏರಿಯ ಅಪಾಯದ ತಿರುವುಗಳಿಗೆ ತಡೆಗೋಡೆ, ಇರುವ ಮರಗಳಿಗೆ ರಕ್ಷಣೆ: ಇಷ್ಟು ಸಾಕು. ದಾವಣಗೆರೆ ಜಿಲ್ಲಾ ಪಂಚಾಯಿತಿಯೂ ಕರ್ನಾಟಕ ನೀರಾವರಿ ನಿಗಮವೂ ಕೂಡಿ, ಸವಳಂಗದಿಂದ ಸೂರಗೊಂಡನಕೊಪ್ಪದ ಮೂಲಕ ಸೂಳೆಕೆರೆಯವರೆಗಿನ ಈ ಒಂದೇ ದಾರಿಯಿಂದ ಕೆಲಸವನ್ನು ಆರಂಭಿಸಬೇಕೆಂದು, ರಸ್ತೆ ಅಗಲೀಕರಣದ ಮುಂದಿನ ಅಂದಾಜುಪಟ್ಟಿ ಸಿದ್ಧವಾಗುವುದಕ್ಕೆ ಮುಂಚೆಯೇ ಆರಂಭಿಸಬೇಕೆಂದು, ನಾನು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.