ಎಬಿಎಸ್ ದೀಪದ ಖರ್ಚು: ಹತ್ತು ರೂಪಾಯಿಯಿಂದ ಹದಿನೈದು ಸಾವಿರದವರೆಗೆ

"ಅಣ್ಣ, ಎಬಿಎಸ್ ಲೈಟು ಆಫೇ ಆಗ್ತಿಲ್ಲ. ಯೂನಿಟ್ಟೇ ಹೋಗಿರ್ಬೋದಾ?"

"ವಾಟರ್ ವಾಶ್ ಯಾವಾಗ ಮಾಡ್ಸಿದ್ರಿ ಸಾರ್?"

ಬೆಂಗಳೂರಿನ ಲಗ್ಗೆರೆಯ ಬೈಕ್ ಗ್ಯಾರೇಜುಗಳಲ್ಲಿ ಇಂಥ ಮಾತುಕತೆ ಈಗ ಮಾಮೂಲು. ಗಿರಾಕಿಯ ತಲೆಯಲ್ಲಿ ಸುತ್ತುತ್ತಿರುವುದು ಹದಿನೈದು ಸಾವಿರ ರೂಪಾಯಿಯ ಎಬಿಎಸ್ ಯೂನಿಟ್. ಕೈಪಳಗಿದ ಮೆಕ್ಯಾನಿಕ್ ನೋಡುವುದು ಮುಂದಿನ ಚಕ್ರದ ಪಕ್ಕ ಕೂತಿರುವ ಹೆಬ್ಬೆರಳ ಗಾತ್ರದ ಸೆನ್ಸರನ್ನು, ಅದರ ಮೂತಿಗೆ ಮೆತ್ತಿರುವ ಕೊಳೆಯನ್ನು. ಒಂದೇ ಹಳದಿ ದೀಪದ ಹಿಂದೆ ಹತ್ತು ರೂಪಾಯಿಯ ಫ್ಯೂಸೂ ಇರಬಹುದು, ಬೈಕಿನ ಬೆಲೆಯ ಹತ್ತರಲ್ಲೊಂದು ಪಾಲು ನುಂಗುವ ಯೂನಿಟ್ಟೂ ಇರಬಹುದು. ಹುಡುಕಾಟ ಯಾವ ತುದಿಯಿಂದ ಶುರುವಾಗುತ್ತದೆ ಎಂಬುದರ ಮೇಲೆ ಬಿಲ್ಲು ನಿಂತಿದೆ.

ಇಷ್ಟೊಂದು ಎಬಿಎಸ್ ಬೈಕುಗಳು ಗಲ್ಲಿ ಗ್ಯಾರೇಜುಗಳಿಗೆ ಬರುತ್ತಿರುವುದಕ್ಕೆ ಕಾರಣ ಕಾನೂನಿನ ಕ್ಯಾಲೆಂಡರ್. 125 ಸಿಸಿಗಿಂತ ಮೇಲಿನ ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯವಾಯಿತು. 125 ಸಿಸಿ ಮತ್ತು ಅದಕ್ಕಿಂತ ಕೆಳಗಿನವುಗಳಿಗೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ಸಾಕೆಂದರು. ಆ ಮೊದಲ ಕಂತಿನ ಬೈಕುಗಳಿಗೆ ಈಗ ಆರು ವರ್ಷ ದಾಟಿದೆ. ವಾರಂಟಿ ಮುಗಿದಿದೆ, ಶೋರೂಮಿನ ಸರ್ವಿಸ್ ಬಿಟ್ಟು ಎಷ್ಟೋ ಕಾಲವಾಗಿದೆ, ಕೆಲವು ಎರಡನೇ ಮೂರನೇ ಕೈಗೆ ಹೋಗಿವೆ. 2025ರ ಜೂನ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಹೊರಡಿಸಿದ ಕರಡು, ಸಿಸಿ ಎಷ್ಟೇ ಇರಲಿ, ಹೊಸ ದ್ವಿಚಕ್ರ ವಾಹನಗಳಿಗೆಲ್ಲ ಎಬಿಎಸ್ ಬೇಕೆಂದಿತು. ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶದ ಶಿಫ್ಟಿಗೆ ಹೋಗುವವರ ಕೆಳಗಿರುವುದು ಬಹುಪಾಲು 100, 110, 125 ಸಿಸಿ ಗಾಡಿಗಳೇ. ಅವುಗಳಿಗೂ ಈ ದೀಪ ಬಂತೆಂದರೆ ರಾಜಗೋಪಾಲನಗರದಿಂದ ಹೆಗ್ಗನಹಳ್ಳಿವರೆಗಿನ ಪ್ರತಿ ಗ್ಯಾರೇಜೂ ಎಬಿಎಸ್ ಗ್ಯಾರೇಜ್ ಆಗಲೇಬೇಕು.

ಅಷ್ಟು ಖರ್ಚು ಮಾಡಿ ಸಿಗುವುದೇನು? ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ 16.7 ಮೀಟರ್. ಎದುರಿನ ಟೆಂಪೊ ನಿಂತದ್ದು ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೂ ಗಾಡಿ ಅಷ್ಟು ದೂರ ಓಡಿರುತ್ತದೆ. ಆಮೇಲೆ ಒಣ ಡಾಂಬರಿನ ಮೇಲೆ ಒಂದೊಂದು ಸೆಕೆಂಡಿಗೂ ಸೆಕೆಂಡಿಗೆ 6 ಮೀಟರ್‌ನಂತೆ ವೇಗ ತಗ್ಗಿದರೆ ನಿಲ್ಲಲು ಇನ್ನೂ 23 ಮೀಟರ್ ಬೇಕು. ಒಟ್ಟು ಸುಮಾರು 40. ಎಬಿಎಸ್ ಇದ್ದ ಮಾತ್ರಕ್ಕೆ ಈ 40 ಮೀಟರ್ 20 ಆಗುವುದಿಲ್ಲ. ಹಾಗೆಂದು ನಂಬಿ ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಓಡಿಸುವವರನ್ನು ರಿಂಗ್ ರೋಡಿನಲ್ಲಿ ದಿನಾ ನೋಡುತ್ತೇವೆ. ಗಾಬರಿಯಲ್ಲಿ ಲಿವರ್ ಪೂರ್ತಿ ಹಿಂಡಿದಾಗ ಮುಂದಿನ ಚಕ್ರ ಜಾಮ್ ಆಗಿ ಜಾರದಂತೆ ತಡೆಯುವುದು ಎಬಿಎಸ್ ಕೆಲಸ. ಮಳೆ ಬಂದು ಮಣ್ಣು, ಆಯಿಲ್ ಕಲಸಿಕೊಂಡ ರಸ್ತೆಯಲ್ಲಿ ಅದರ ಬೆಲೆ ತಿಳಿಯುತ್ತದೆ. ಅಮೆರಿಕದ ಐಐಎಚ್‌ಎಸ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಹೋಲಿಕೆಯ ಪ್ರಕಾರ, ಎಬಿಎಸ್ ಇರುವ ಬೈಕುಗಳಲ್ಲಿ ಸಾವಿನ ಅಪಘಾತದ ದರ ಅದೇ ಮಾದರಿಯ ಎಬಿಎಸ್ ಇಲ್ಲದ ಬೈಕುಗಳಿಗಿಂತ ಶೇ. 22ರಷ್ಟು ಕಡಿಮೆ. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ 74,897, ಅಂದರೆ ಶೇ. 44.5, ದ್ವಿಚಕ್ರ ವಾಹನದವರು. ಆರದ ಹಳದಿ ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿ ಓಡಾಡುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಈಗ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ನೋಡಿ. ಡಿಸ್ಕಿನ ಒಳಗೆ, ಹಬ್ಬಿನ ಸುತ್ತ, ಸಾಲಾಗಿ ಕಿಂಡಿ ಕೊರೆದ ತೆಳ್ಳನೆಯ ಉಕ್ಕಿನ ಬಳೆಯೊಂದಿದೆ. ಅದೇ ಟೋನ್ ರಿಂಗ್. ಅದಕ್ಕೆ ಮುಖ ಮಾಡಿ, ಸಾಮಾನ್ಯವಾಗಿ ಒಂದು ಮಿ.ಮೀ. ಆಸುಪಾಸು ಅಂತರದಲ್ಲಿ ಸೆನ್ಸರ್ ಕೂತಿದೆ. ಚಕ್ರ ತಿರುಗಿದಂತೆ ಒಂದೊಂದು ಕಿಂಡಿ ದಾಟಿದಾಗಲೂ ಅದು ಒಂದು ಮಿಡಿತ ಕಳಿಸುತ್ತದೆ. ಲೆಕ್ಕ ಹಾಕಲು ರಿಂಗಿನಲ್ಲಿ 48 ಕಿಂಡಿ ಇದೆಯೆಂದುಕೊಳ್ಳಿ. 100/80-17 ಟೈರಿನ ಸುತ್ತಳತೆ 1.86 ಮೀಟರ್. ಗಂಟೆಗೆ 36 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 5.4 ಸುತ್ತು ಸುತ್ತುತ್ತದೆ; ಯೂನಿಟ್ಟಿಗೆ ಸೆಕೆಂಡಿಗೆ ಸುಮಾರು 258 ಮಿಡಿತ ತಲುಪಬೇಕು. ಎರಡು ಕಿಂಡಿಗೆ ಕೆಸರು ಮೆತ್ತಿದರೂ, ಪಂಕ್ಚರ್ ಅಂಗಡಿಯಲ್ಲಿ ಚಕ್ರ ಬಿಚ್ಚುವಾಗ ರಿಂಗಿನ ಅಂಚು ಒಂದು ಚೂರು ಬಗ್ಗಿದರೂ ಆ ಎಣಿಕೆ ತಪ್ಪಬಹುದು. ಅನುಮಾನ ಬಂದ ಯೂನಿಟ್ ತನ್ನನ್ನು ತಾನೇ ಆಫ್ ಮಾಡಿಕೊಂಡು ದೀಪ ಹಚ್ಚುತ್ತದೆ. ಮಾಮೂಲಿ ಬ್ರೇಕು ಹಿಡಿಯುತ್ತಲೇ ಇರುತ್ತದೆ, ಜಾಮ್ ತಡೆಯುವ ಕೆಲಸ ಮಾತ್ರ ನಿಂತಿರುತ್ತದೆ.

ಪೀಣ್ಯದ ಮಗ್ಗುಲಲ್ಲಿರುವುದರಿಂದ ಲಗ್ಗೆರೆಯವರಿಗೆ ಇನ್ನೊಂದು ತಾಪತ್ರಯ. ಬಹಳಷ್ಟು ಸೆನ್ಸರುಗಳ ಒಳಗೆ ಪುಟ್ಟ ಆಯಸ್ಕಾಂತ ಇರುತ್ತದೆ. ಲೇಥು, ಗ್ರೈಂಡಿಂಗ್ ಶೆಡ್ಡುಗಳ ಮುಂದೆ ಗಾಡಿ ನಿಲ್ಲಿಸುವವರ ಚಕ್ರಕ್ಕೆ ಕಬ್ಬಿಣದ ಪುಡಿ ಹತ್ತದೆ ಇರುತ್ತದೆಯೇ? ಅದಕ್ಕೆ ಡಿಸ್ಕಿನ ತುಕ್ಕು, ಪ್ಯಾಡಿನ ಪುಡಿಯೂ ಸೇರಿ ಸೆನ್ಸರಿನ ಮೂತಿಗೆ ಮೀಸೆ ಬೆಳೆಯುತ್ತದೆ. ಬರೀ ನೀರು ಹೊಡೆದರೆ ಅದು ಬಿಡುವುದಿಲ್ಲ. ಒಂದು ಬೋಲ್ಟ್ ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ, ಫೀಲರ್ ಗೇಜ್ ಇಟ್ಟು ಅಂತರ ನೋಡಿ ಮತ್ತೆ ಕೂರಿಸುವುದು ಕಾಲು ಗಂಟೆಯ ಕೆಲಸ. ಲೇಬರ್ 100ರಿಂದ 200 ರೂಪಾಯಿ. ಫೀಲರ್ ಗೇಜ್ ಇಲ್ಲವೆಂದು ಪೀಣ್ಯದ ಪಕ್ಕದಲ್ಲಿ ಕೂತು ಯಾರೂ ನೆಪ ಹೇಳುವಂತಿಲ್ಲ.

ಅದಕ್ಕೂ ಮೊದಲು ಕಾಸು ಬಿಚ್ಚದೆ ನೋಡಬೇಕಾದದ್ದಿದೆ. ಕೀ ಆನ್ ಮಾಡಿದಾಗ ಎಬಿಎಸ್ ದೀಪ ಹತ್ತಲೇಬೇಕು. ಗಾಡಿ ಹೊರಟು ಐದಾರು ಕಿ.ಮೀ. ವೇಗ ದಾಟಿದ ಮೇಲೆ ಆರಬೇಕು. ನಿಂತಲ್ಲೇ ಆರಲಿಲ್ಲವೆಂದು ಗ್ಯಾರೇಜಿಗೆ ಓಡಿಬರುವವರೂ ಇದ್ದಾರೆ. ಚೈನಿಗೆ ಆಯಿಲ್ ಬಿಡಲು ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರಿನಲ್ಲಿ ಹಿಂದಿನ ಚಕ್ರ ಓಡಿಸಿದರೂ ದೀಪ ಹತ್ತಿಕೊಳ್ಳಬಹುದು: ಹಿಂದಿನ ಚಕ್ರ ಓಡುತ್ತಿದೆ, ಮುಂದಿನದು ನಿಂತಿದೆ, ಯೂನಿಟ್ಟಿಗೆ ಅದು ದೋಷವಾಗಿ ಕಾಣುತ್ತದೆ. ಕೀ ಆಫ್ ಮಾಡಿ, ಆನ್ ಮಾಡಿ ಒಂದು ಸುತ್ತು ಹೋಗಿ ಬಂದರೆ ಆರುತ್ತದೆ, ಖರ್ಚು ಸೊನ್ನೆ. ಮುಂದಿನದು ಬ್ಯಾಟರಿ. ಚೆನ್ನಾಗಿ ಚಾರ್ಜ್ ಆಗಿರುವ ಬ್ಯಾಟರಿ ನಿಂತ ಗಾಡಿಯಲ್ಲಿ 12.6 ವೋಲ್ಟಿನ ಮೇಲೆ, ಎಂಜಿನ್ ಓಡುವಾಗ 13.5ರಿಂದ 14.5ರ ನಡುವೆ ತೋರಿಸಬೇಕು. ಹತ್ತು ವೋಲ್ಟಿನ ಆಸುಪಾಸಿಗೆ ಬಿದ್ದರೆ ಎಬಿಎಸ್ ಕೈಚೆಲ್ಲುತ್ತದೆ. ಮಲ್ಟಿಮೀಟರ್ ಹಿಡಿದು ನೋಡಲು ಎರಡು ನಿಮಿಷ ಸಾಕು. ಫ್ಯೂಸ್ ಹೋಗಿದ್ದರೆ ಹತ್ತು ರೂಪಾಯಿ, ಅದೇ ಆಂಪ್ಸಿನದ್ದೇ ಹಾಕಬೇಕು. ತಂತಿ ಸುತ್ತಿ ಕಳಿಸುವ ಗ್ಯಾರೇಜಿಗೆ ಮತ್ತೆ ಕಾಲಿಡಬೇಡಿ.

ಇಲ್ಲಿಂದಾಚೆಗೆ ಮೆಟ್ಟಿಲು ಎತ್ತರವಾಗುತ್ತ ಹೋಗುತ್ತದೆ. ಮುಂದಿನ ದರಗಳೆಲ್ಲ 150ರಿಂದ 200 ಸಿಸಿ ಬೈಕನ್ನು ಮನಸ್ಸಿನಲ್ಲಿಟ್ಟು ಹಿಡಿದ ಅಂದಾಜು. ಮಾದರಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಸ್ಕ್ಯಾನರ್ ಹಾಕಿ ಕೋಡ್ ಓದಿಸಲು 200ರಿಂದ 500. ಕನೆಕ್ಟರಿನಲ್ಲಿ ನೀರು ಕೂತು ಪಿನ್ ಹಸಿರುಗಟ್ಟಿದ್ದರೆ ಕ್ಲೀನಿಂಗಿಗೆ 150ರಿಂದ 300. ಸೆನ್ಸರೇ ಹೋಗಿದ್ದರೆ ಸಾವಿರದಿಂದ 2,000. ಬ್ಯಾಟರಿ 1,500ರಿಂದ 2,500. ಯೂನಿಟ್ಟು ಹತ್ತು ಸಾವಿರದಿಂದ ಶುರುವಾಗಿ ಮಾದರಿ ನೋಡಿ 20 ಸಾವಿರಕ್ಕೂ ಏರುತ್ತದೆ. ಎರಡು ಹಸ್ತಗಳ ನಡುವೆ ಹಿಡಿಸುವ ಪೆಟ್ಟಿಗೆಗೆ ಇಷ್ಟೇಕೆ ಎಂದು ಕೇಳಿದರೆ, ಅದರೊಳಗೆ ಪಂಪು, ಮೋಟಾರು, ವಾಲ್ವುಗಳು, ಕಂಪ್ಯೂಟರ್ ಎಲ್ಲ ಒಟ್ಟಿಗಿವೆ. 1988ರಲ್ಲಿ ಬಿಎಂಡಬ್ಲ್ಯು ತನ್ನ ಕೆ100 ಬೈಕಿಗೆ ಎಬಿಎಸ್ ಕೊಟ್ಟಾಗ ಆ ವ್ಯವಸ್ಥೆಯ ತೂಕ 11 ಕಿಲೊ. ಬಾಷ್ ಕಂಪನಿಯ ಒಂಬತ್ತನೇ ಪೀಳಿಗೆಯ ಯೂನಿಟ್ 700 ಗ್ರಾಂ.

ಈ ಪೆಟ್ಟಿಗೆಯನ್ನು ಕಾಯುವುದು ಬ್ರೇಕ್ ಆಯಿಲ್. ಎಲ್ಲರೂ ಮರೆಯುವುದೂ ಅದನ್ನೇ. ಎಂಜಿನ್ ಆಯಿಲನ್ನು ತಪ್ಪದೆ ಬದಲಿಸುವ ಮನುಷ್ಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದೇ ಇರುವುದಿಲ್ಲ. ಅದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಶೇ. 3.7ರಷ್ಟು ನೀರು ಸೇರಿದ ಮೇಲಿನ ಮಿತಿ 155 ಡಿಗ್ರಿ. ಡಾಟ್ 3ರಲ್ಲಿ ಇದು 205 ಮತ್ತು 140. ಕುದ್ದ ಆಯಿಲಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಲಿವರ್ ಸ್ಪಂಜಿನಂತೆ ಒಳಕ್ಕೆ ಹೋಗುತ್ತದೆ. ನಂದಿಬೆಟ್ಟ ಇಳಿಯುವವರಿಗೆ ಇದರ ಅಪಾಯ ಹೆಚ್ಚು. ಲಗ್ಗೆರೆಯಿಂದ ಪೀಣ್ಯಕ್ಕೆ ಹೋಗಿಬರುವವರ ಆಯಿಲ್ ಕುದಿಯುವಷ್ಟು ಬಿಸಿಯಾಗುವುದು ಅಪರೂಪ. ಅವರಲ್ಲಿ ಅದೇ ನೀರು ನಿಧಾನವಾಗಿ ಯೂನಿಟ್ಟಿನೊಳಗಿನ ಸೂಜಿಗಾತ್ರದ ದಾರಿಗಳಿಗೆ ತುಕ್ಕು ಹಿಡಿಸುತ್ತದೆ. ವಾಲ್ವು ಅಂಟಿಕೊಂಡರೆ ಸೀದಾ ಮೇಲಿನ ಮೆಟ್ಟಿಲು.

ಬಹುತೇಕ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತವೆ. ಮುಂದೆ ಹಿಂದೆ ಎರಡೂ ಸೇರಿ 250 ಮಿ.ಲೀ. ಸಾಕು, 200 ರೂಪಾಯಿ. ಏರ್ ತೆಗೆಯುವ ಲೇಬರ್ 250. ಒಟ್ಟು 450 ರೂಪಾಯಿಯನ್ನು 730 ದಿನಕ್ಕೆ ಹಂಚಿದರೆ ದಿನಕ್ಕೆ 62 ಪೈಸೆ. ಖರೀದಿಸುವಾಗ ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೆ ಡಾಟ್ 3 ಅಂದಿದೆಯೋ 4 ಅಂದಿದೆಯೋ ಓದಿಕೊಳ್ಳಿ. ಡಾಟ್ 5 ಎಂಬ ಸಿಲಿಕಾನ್ ಆಯಿಲ್ ಎಬಿಎಸ್ ಗಾಡಿಗೆ ಬೇಡವೇ ಬೇಡ. ದೊಡ್ಡ ನಂಬರ್ ಅಂದ ತಕ್ಷಣ ಒಳ್ಳೆಯ ಮಾಲು ಎಂದಲ್ಲ. ಅರ್ಧ ಬಳಸಿ ವರ್ಷಗಟ್ಟಲೆ ಶೆಲ್ಫಿನಲ್ಲಿಟ್ಟ ಬಾಟಲಿಯೂ ಬೇಡ, ಅದು ಆಗಲೇ ತೇವ ಕುಡಿದಿರುತ್ತದೆ. ಟ್ಯಾಂಕಿನ ಮೇಲೆ ಒಂದು ಹನಿ ಬಿದ್ದರೂ ಪೇಂಟ್ ಎದ್ದು ಬರುತ್ತದೆ, ಕೂಡಲೇ ನೀರು ಸುರಿಯಬೇಕು.

ಒಟ್ಟು ಲೆಕ್ಕ ಹಾಕೋಣ. ದಿನಕ್ಕೆ 40 ಕಿ.ಮೀ., ವರ್ಷಕ್ಕೆ 300 ದಿನ, ಐದು ವರ್ಷಕ್ಕೆ 60,000 ಕಿ.ಮೀ. ಬ್ರೇಕ್ ಆಯಿಲ್ ಎರಡು ಸಲ, 900 ರೂಪಾಯಿ. 15,000 ಕಿ.ಮೀ.ಗೊಂದು ಜೊತೆ ಪ್ಯಾಡ್ ಎಂದು ಹಿಡಿದರೆ ಮುಂದಕ್ಕೆ ಮೂರು ಜೊತೆ, ಹಿಂದಕ್ಕೆ ಮೂರು ಜೊತೆ. 500 ಮತ್ತು 450ರ ದರದಲ್ಲಿ 2,850. ಹಾಕಿಸಲು ತಲಾ ನೂರರಂತೆ 600. ಸೆನ್ಸರ್ ಒಂದು ಸಲ ಹೋಯಿತೆಂದೇ ಇಟ್ಟುಕೊಳ್ಳಿ, ಲೇಬರ್ ಸೇರಿ 1,700. ಎಲ್ಲ ಕೂಡಿದರೆ 6,050 ರೂಪಾಯಿ, ಕಿ.ಮೀ.ಗೆ ಹತ್ತು ಪೈಸೆ. ಅಷ್ಟೇ ದೂರಕ್ಕೆ, ಲೀಟರಿಗೆ 40 ಕಿ.ಮೀ. ಕೊಟ್ಟರೆ 1,500 ಲೀಟರ್ ಪೆಟ್ರೋಲು, 103 ರೂಪಾಯಿಯ ಲೆಕ್ಕದಲ್ಲಿ 1,54,500. ಬ್ರೇಕಿನ ಪೂರ್ತಿ ಖರ್ಚು ಪೆಟ್ರೋಲಿನ ಶೇ. 4ನ್ನೂ ಮುಟ್ಟುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ: ಆಯಿಲು, ಪ್ಯಾಡು ಎಬಿಎಸ್ ಇಲ್ಲದ ಡಿಸ್ಕ್ ಬೈಕಿಗೂ ಬೇಕಾದವೇ. ಎಬಿಎಸ್‌ನಿಂದಾಗಿಯೇ ಹೆಚ್ಚುವರಿ ಬಿದ್ದದ್ದು 1,700 ರೂಪಾಯಿ, ಕಿ.ಮೀ.ಗೆ ಮೂರು ಪೈಸೆಗಿಂತ ಕಡಿಮೆ. ಎಬಿಎಸ್ ಗಾಡಿ ಸಾಕುವುದು ದುಬಾರಿ ಎಂಬ ಮಾತು ನಿಂತಿರುವುದು ಯೂನಿಟ್ಟೊಂದರ ಬೆಲೆಯ ಮೇಲೆ.

2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮೊದಲು 12,000 ರೂಪಾಯಿಯ ಯೂನಿಟ್ 15,360 ಆಗುತ್ತಿದ್ದದ್ದು ಈಗ 14,160. ಹಳೇ ಎಂಆರ್‌ಪಿ ಚೀಟಿಯಿರುವ ಡಬ್ಬಿ ತೋರಿಸಿದರೆ ಈ ಲೆಕ್ಕ ಹೇಳಿ ಕೇಳಿ.

ಅಪಘಾತವಾದ ಬೈಕಿನಿಂದ ಬಿಚ್ಚಿದ ಯೂನಿಟ್ ಅಗ್ಗಕ್ಕೆ ಸಿಗುವುದುಂಟು. ಅದರ ಗೋಜು ಬೇಡ ಎಂಬುದು ನನ್ನ ಅಭಿಪ್ರಾಯ. ಬಿಚ್ಚಿಟ್ಟ ಯೂನಿಟ್ಟಿನೊಳಗೆ ಗಾಳಿ, ತೇವ ಹೊಕ್ಕಿರುತ್ತದೆ. ಆ ಗಾಳಿ ಹೊರಗೆ ತರಲು ಎಷ್ಟೋ ಮಾದರಿಗಳಲ್ಲಿ ಸ್ಕ್ಯಾನರ್ ಹಾಕಿ ಪಂಪನ್ನೇ ಓಡಿಸಬೇಕು. ಮಿಗಿಸಿದ ಕಾಸು ಲೇಬರಿಗೆ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರಿಗೆ ಮಾತ್ರ ಈ ದೀಪ ಚೌಕಾಸಿಯ ಸಾಧನ. ಕೀ ಆನ್ ಮಾಡಿದಾಗ ದೀಪ ಹತ್ತಲೇ ಇಲ್ಲವೆಂದರೆ ಸಂತೋಷಪಡಬೇಡಿ. ಯಾರೋ ಅದರ ವೈರ್ ಕಿತ್ತಿರಬಹುದು. ಹತ್ತಿ, ಓಡಿಸಿದರೂ ಆರದಿದ್ದರೆ ಮಾರುವವರ ಮುಂದೆಯೇ ಸ್ಕ್ಯಾನರ್ ಹಾಕಿಸಿ. ಕೋಡ್ ಸೆನ್ಸರಿನದಾದರೆ ಬೆಲೆಯಲ್ಲಿ 2,000 ಇಳಿಸಿ ಕೇಳಿ. ಪಂಪು ಮೋಟಾರಿನದೋ ವಾಲ್ವಿನದೋ ಆದರೆ, ಫ್ಯೂಸು ವೈರಿಂಗ್ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡು 15,000 ಇಳಿಸಿ. ಒಪ್ಪದಿದ್ದರೆ ಕೀ ವಾಪಸ್ ಕೊಟ್ಟು ಬನ್ನಿ.