ಮಡಿಲ ಮಗುವಿನೊಂದಿಗೆ ವಿಮಾನ ಪ್ರಯಾಣ

ಕೊಳ್ಳೇಗಾಲ, ಹನೂರು, ಯಳಂದೂರಿನ ನಮ್ಮ ಕೆಲವು ಮನೆಗಳ ಗಂಡಸರು ದುಡಿಮೆಗಾಗಿ ಗಲ್ಫ್ ದೇಶಗಳಲ್ಲಿದ್ದಾರೆ. ಹೆಂಡತಿ ಮಕ್ಕಳು ಅವರ ಬಳಿಗೆ ಹೋಗಬೇಕು. ಇನ್ನು ಕೆಲವರು ದಾದಿ, ನಾನಿ, ಮೊಮ್ಮಕ್ಕಳ ಸಹಿತ ಉಮ್ರಾಗೆ ಹೊರಡುತ್ತಾರೆ. ಮೊದಲ ಬಾರಿಗೆ ವಿಮಾನ ಹತ್ತುವ ತಾಯಿಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ಭಯ ಒಂದೇ: ಮಗು ಅಳಲು ತೊಡಗಿದರೆ ಏನು ಮಾಡುವುದು? ಸುತ್ತ ಕುಳಿತವರು ಏನೆಂದುಕೊಳ್ಳುತ್ತಾರೆ? ಇದೇ ಹೆದರಿಕೆಯಿಂದ ಪ್ರಯಾಣವನ್ನು ಮುಂದೂಡುವವರೂ ಇದ್ದಾರೆ. ಆದ್ದರಿಂದ ಮಗು ಏಕೆ ಅಳುತ್ತದೆ ಎಂಬುದನ್ನು ಮೊದಲು ತಿಳಿಯೋಣ.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೋ, ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಗೋ ಬಸ್ಸಿನಲ್ಲಿ ಹೋಗಿಬಂದವರಿಗೆ ಇದು ಗೊತ್ತಿರುತ್ತದೆ. ಘಾಟಿ ಇಳಿಯುವಾಗ ಕಿವಿ ಮುಚ್ಚಿಕೊಂಡಂತಾಗುತ್ತದೆ. ಒಮ್ಮೆ ಉಗುಳು ನುಂಗಿದರೆ ಟಪ್ ಎಂದು ಬಿಟ್ಟುಕೊಳ್ಳುತ್ತದೆ. ಕಿವಿಯ ಒಳಭಾಗದಿಂದ ಗಂಟಲಿಗೆ ಒಂದು ಸಣ್ಣ ನಾಳವಿದೆ. ಹೊರಗಿನ ಗಾಳಿಯ ಒತ್ತಡ ಬದಲಾದಾಗ ಅದು ತೆರೆದುಕೊಂಡು ಒಳಗಿನ ಒತ್ತಡವನ್ನು ಸರಿದೂಗಿಸುತ್ತದೆ. ಚಿಕ್ಕ ಮಕ್ಕಳಲ್ಲಿ ಈ ನಾಳ ಕಿರಿದು, ಹೆಚ್ಚು ಅಡ್ಡವಾಗಿಯೂ ಇರುತ್ತದೆ. ಬೇಗ ತೆರೆದುಕೊಳ್ಳುವುದಿಲ್ಲ. ಮಗುವಿಗೆ ಕಿವಿ ನೋಯುತ್ತದೆ, ಹೇಳಲು ಬಾರದು. ಆದ್ದರಿಂದ ಅಳುತ್ತದೆ.

ವಿಮಾನ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 6000ರಿಂದ 8000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಇಟ್ಟಿರುತ್ತಾರೆ. ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿದೆ. ಜಿದ್ದಾ, ದುಬೈಗಳು ಸಮುದ್ರದ ದಡದಲ್ಲಿವೆ. ಹಾಗಾಗಿ ಇಲ್ಲಿ ಹತ್ತುವಾಗ ಆಗುವುದಕ್ಕಿಂತ ಅಲ್ಲಿ ಇಳಿಯುವಾಗ ಒತ್ತಡದ ಬದಲಾವಣೆ ಹೆಚ್ಚು. ಕಿವಿನೋವು ಇಳಿಯುವಾಗಲೇ ಜಾಸ್ತಿ.

ಇದಕ್ಕೆ ಮದ್ದು ನುಂಗುವಿಕೆ. ಎದೆಹಾಲು ಕುಡಿಯುವ ಮಗುವಿಗೆ ವಿಮಾನ ಏರುವಾಗ ಮತ್ತು ಇಳಿಯುವಾಗ ಹಾಲೂಡಿಸಿ. ದೊಡ್ಡ ಮಕ್ಕಳಿಗೆ ನೀರನ್ನು ಗುಟುಕು ಗುಟುಕಾಗಿ ಕೊಡಿ. ನಿಲ್ದಾಣ ಮುಟ್ಟುವ ಅರ್ಧ ಗಂಟೆ ಮೊದಲೇ ಇಳಿತ ಆರಂಭವಾಗುತ್ತದೆ. ಆಗ ಮಲಗಿರುವ ಮಗುವನ್ನು ಮೆಲ್ಲಗೆ ಎಬ್ಬಿಸುವುದು ಒಳ್ಳೆಯದು. ನಿದ್ದೆಯಲ್ಲಿ ನುಂಗುವುದು ಕಡಿಮೆ. ಶೀತದಿಂದ ಮೂಗು ಕಟ್ಟಿದ್ದರೆ ಅಥವಾ ಕಿವಿ ಸೋರುತ್ತಿದ್ದರೆ ಹೊರಡುವ ಮುನ್ನ ವೈದ್ಯರಿಗೆ ತೋರಿಸಿ. ಮಗು ನಿದ್ದೆ ಮಾಡಲಿ ಎಂದು ಯಾರೋ ಹೇಳಿದ ಕೆಮ್ಮಿನ ಸಿರಪ್ ಕುಡಿಸಲೇಬಾರದು. ಅದು ಅಪಾಯ.

ಮಗುವಿನ ಹಾಲು, ಆಹಾರ, ಔಷಧಿಯನ್ನು ಪ್ರಯಾಣಕ್ಕೆ ಬೇಕಾಗುವಷ್ಟು ಕೈಚೀಲದಲ್ಲೇ ಒಯ್ಯಬಹುದು. ದ್ರವ ಪದಾರ್ಥಗಳಿಗಿರುವ 100 ಮಿ.ಲೀ. ಮಿತಿ ಇವಕ್ಕೆ ಅನ್ವಯಿಸುವುದಿಲ್ಲ. ತಪಾಸಣೆಯಲ್ಲಿ ಹೊರತೆಗೆದು ತೋರಿಸಿದರಾಯಿತು. ಒಳಗಿನ ಗಾಳಿ ತೀರಾ ಒಣಗಿರುವುದರಿಂದ ತಾಯಿಯೂ ನೀರು ಕುಡಿಯುತ್ತಿರಬೇಕು. ಮಡಿಲ ಮಗುವನ್ನು ನಿಮ್ಮ ಬೆಲ್ಟಿನೊಳಗೆ ಸೇರಿಸಿ ಕಟ್ಟಬೇಡಿ. ಸಿಬ್ಬಂದಿಯಿಂದ ಮಗುವಿನ ಬೆಲ್ಟ್ ಕೇಳಿ ಪಡೆಯಿರಿ.

ಈಗ ಕಾಗದಪತ್ರದ ಮಾತು. ಎರಡು ವರ್ಷ ತುಂಬದ ಮಗು ಮಡಿಲಲ್ಲಿ ಹೋಗಬಹುದು. ಎರಡು ತುಂಬಿದರೆ ಸೀಟು ಬೇಕು. ಹೋಗುವಾಗ ಒಂದು ವರ್ಷ ಹನ್ನೊಂದು ತಿಂಗಳಿದ್ದ ಮಗುವಿಗೆ ಬರುವಷ್ಟರಲ್ಲಿ ಎರಡು ತುಂಬಿದರೆ, ವಾಪಸಾಗುವಾಗ ಅದಕ್ಕೂ ಸೀಟು ಕೊಳ್ಳಬೇಕು. ಟಿಕೆಟ್ ಮಾಡಿಸುವಾಗಲೇ ಲೆಕ್ಕ ಹಾಕಿ.

ಹಸುಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. ಚಿಕ್ಕ ಮಕ್ಕಳಿಗೆ ಅದು ಐದು ವರ್ಷದ ಅವಧಿಗೆ ಸಿಗುತ್ತದೆ. ನಮ್ಮ ಕಡೆಯವರಿಗೆ ಮೈಸೂರು ಅನುಕೂಲ. 2017ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಕೆಲಸ ದೇಶದಲ್ಲಿ ಮೊದಲು ಆರಂಭವಾದ ಊರುಗಳಲ್ಲಿ ಮೈಸೂರೂ ಒಂದು. ಅರ್ಜಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ತಂದೆ ಹೊರದೇಶದಲ್ಲಿದ್ದರೆ ಅಲ್ಲಿಂದ ಕಾಗದ ಬರಲು ಸಮಯ ಹಿಡಿಯುತ್ತದೆ. ಮೊದಲೇ ಆರಂಭಿಸಿ.

ದಾರಿಯ ಲೆಕ್ಕವೂ ಮುಖ್ಯ. ಮಳವಳ್ಳಿ, ಕನಕಪುರದ ಮೇಲೆ ಹೋಗುವ ನಮ್ಮ ರಸ್ತೆ ಬೆಂಗಳೂರಿನ ದಕ್ಷಿಣಕ್ಕೆ ಸೇರುತ್ತದೆ. ವಿಮಾನ ನಿಲ್ದಾಣ ಇರುವುದು ಉತ್ತರದ ದೇವನಹಳ್ಳಿಯ ಬಳಿ. ಇಡೀ ನಗರ ದಾಟಬೇಕು. ವಿದೇಶಿ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿವೆ. ಮೂರು ಗಂಟೆ ಮೊದಲು ಅಲ್ಲಿರುವಂತೆ ಹೊರಟರೆ ಮಗುವಿಗೆ ಉಣಿಸಿ, ಬಟ್ಟೆ ಬದಲಿಸಿ ನೆಮ್ಮದಿಯಿಂದ ಹತ್ತಬಹುದು.

ಇಷ್ಟೆಲ್ಲ ಮಾಡಿಯೂ ಮಗು ಅಳಬಹುದು. ಅದು ತಾಯಿಯ ತಪ್ಪಲ್ಲ. ನಮ್ಮ ಪ್ರವಾದಿವರ್ಯರು(ಸ) ನಮಾಝನ್ನು ದೀರ್ಘಗೊಳಿಸಬೇಕೆಂದು ನಿಂತಿದ್ದಾಗ ಮಗುವಿನ ಅಳು ಕೇಳಿದರೆ, ತಾಯಿಗೆ ಕಷ್ಟವಾಗಬಾರದೆಂದು ಸಂಕ್ಷಿಪ್ತಗೊಳಿಸುತ್ತಿದ್ದರು ಎಂದು ಬುಖಾರಿಯ ಹದೀಸ್‌ನಲ್ಲಿದೆ. ಮೊಮ್ಮಗಳು ಉಮಾಮಾರನ್ನು ಎತ್ತಿಕೊಂಡೇ ಅವರು ನಮಾಝ್ ಮಾಡಿಸಿದ್ದೂ ಉಂಟು. ಅಲ್ಲಾಹನ ಮುಂದೆ ನಿಂತಾಗಲೇ ಮಗುವಿನ ಅಳುವಿಗೆ ಅಷ್ಟು ಜಾಗವಿತ್ತೆಂದರೆ, ನಾಲ್ಕೈದು ಗಂಟೆಯ ವಿಮಾನದಲ್ಲಿ ನಾವು ಮುಖ ಸಿಂಡರಿಸುವುದು ಯಾವ ನ್ಯಾಯ?

ಜೊತೆಗಿರುವ ತಂದೆ, ಮಾಮು, ದಾದಾ ಮಗುವನ್ನು ಸರದಿಯ ಮೇಲೆ ಎತ್ತಿಕೊಳ್ಳಲಿ. ಪಕ್ಕದ ಸೀಟಿನಲ್ಲಿ ಒಬ್ಬಂಟಿ ತಾಯಿ ಕಂಡರೆ ಆಕೆಯ ಚೀಲ ಮೇಲಿಡಲು ನೆರವಾಗಿ, ಒಂದು ಮುಗುಳ್ನಗೆ ಕೊಡಿ. ಅದೂ ಸದಕಾ. ಅಲ್ಲಾಹನು ನಮ್ಮೆಲ್ಲರ ಪ್ರಯಾಣವನ್ನು ಸುಗಮಗೊಳಿಸಲಿ. ಆಮೀನ್.