ಯುರೋಪನ್ನು ಎತ್ತಿ ನಿಲ್ಲಿಸಿದ್ದು ಡಾಲರೇ?

ಪ್ರಶ್ನೆ: ಎರಡನೇ ಮಹಾಯುದ್ಧದ ಬಳಿಕ ಪಶ್ಚಿಮ ಯುರೋಪು ಚೇತರಿಸಿಕೊಂಡದ್ದು ಅಮೆರಿಕದ ಮಾರ್ಷಲ್ ಯೋಜನೆಯ ಹಣದಿಂದಲೇ?

ಉತ್ತರ: ಹಣವೊಂದೇ ಕಾರಣವಾಗಿದ್ದರೆ ಹೆಚ್ಚು ಪಡೆದವರೇ ಹೆಚ್ಚು ಬೆಳೆಯಬೇಕಿತ್ತು. 1948ರಿಂದ 1952ರವರೆಗೆ ಹಂಚಿದ ಸುಮಾರು 1,300 ಕೋಟಿ ಡಾಲರುಗಳಲ್ಲಿ ದೊಡ್ಡ ಪಾಲು ಬ್ರಿಟನ್ನಿಗೆ ಸಿಕ್ಕಿತು. ಅದರ ಅರ್ಧಕ್ಕಿಂತ ಕಡಿಮೆ ಪಡೆದ ಪಶ್ಚಿಮ ಜರ್ಮನಿ 1950ರ ದಶಕದಲ್ಲಿ ಬ್ರಿಟನ್ನಿಗಿಂತ ಬಹಳ ವೇಗವಾಗಿ ಬೆಳೆಯಿತು. ನೆಲಕಚ್ಚಿದ ದೇಶ ಬೇಗ ಏಳುವುದು ಸಹಜವಲ್ಲವೇ ಎನ್ನಬಹುದು. ಆದರೆ 1918ರ ಸೋಲಿನ ನಂತರ ಅದೇ ಜರ್ಮನಿಗೆ ಅಂಥ ಏಳಿಗೆ ದಕ್ಕಲಿಲ್ಲ. ಈ ಸಲ ವ್ಯತ್ಯಾಸ ತಂದದ್ದು 1948ರ ಕರೆನ್ಸಿ ಸುಧಾರಣೆ, ಬೆಲೆ ನಿಯಂತ್ರಣದ ಸಡಿಲಿಕೆ ಮತ್ತು ನೆರೆದೇಶಗಳ ವ್ಯಾಪಾರದ ಲೆಕ್ಕವನ್ನು ಒಟ್ಟಾಗಿ ಚುಕ್ತಾ ಮಾಡುತ್ತಿದ್ದ, 1950ರ ಯುರೋಪಿಯನ್ ಪಾವತಿ ಒಕ್ಕೂಟ. ಹಾಗೆಂದು ನೆರವು ವ್ಯರ್ಥವಾಗಲಿಲ್ಲ: ಆಹಾರ, ಇಂಧನ, ಹತ್ತಿಯ ಆಮದಿಗೆ ಡಾಲರು ಒದಗಿಸಿದ್ದೂ, ಆ ಒಕ್ಕೂಟಕ್ಕೆ ಮೂಲಧನ ಕೊಟ್ಟದ್ದೂ ಅದೇ. ಸುಧಾರಣೆಗೆ ಬೇಕಾದ ಕಾಲಾವಕಾಶವನ್ನು ನೆರವು ಕೊಟ್ಟಿತು. ಬೆಳವಣಿಗೆ ಬಂದದ್ದು ಸುಧಾರಣೆಯಿಂದ.